ಮುರಕಲ್ಲಿಗೊಂದು ಗೆರೆ

ಕರಾವಳಿಯ ಹಳೆಯ ಮನೆಗಳ ಕುರಿತ ನನ್ನ ಪಿಎಚ್.ಡಿ. ಕೆಲಸದ ಎರಡನೆಯ ವರ್ಷವದು. ದಕ್ಷಿಣ ಕನ್ನಡದ ಹಳ್ಳಿಯೊಂದರ ಮನೆಯನ್ನು ಮೂರು ದಿನ ಟೇಪು ಹಿಡಿದು ಅಳೆದು, ಆಟೊಕ್ಯಾಡ್‌ನಲ್ಲಿ ನಕ್ಷೆ ಮಾಡಿ, ವಿಭಾಗದ ಸೆಮಿನಾರಿನಲ್ಲಿ ತೋರಿಸಿದೆ. ಹಿಂದಿನ ಸಾಲಿನಿಂದ ಒಬ್ಬರು, "ಇದು ಇಟ್ಟಿಗೆ ಮನೆಯಾ?" ಎಂದು ಕೇಳಿದರು. ಅಲ್ಲ, ಮುರಕಲ್ಲಿನದು ಎಂದೆ. "ನಕ್ಷೆ ಹಾಗೆ ಹೇಳುತ್ತಿಲ್ಲವಲ್ಲ" ಎಂದರು.

ಅವರ ಮಾತು ಸರಿಯಾಗಿತ್ತು. ಅಷ್ಟು ಹೊತ್ತಿಗೆ ಆ ಮನೆಯನ್ನು ಕೆಡವುವುದೂ ನಿಶ್ಚಯವಾಗಿತ್ತು. ಆಮೇಲೆ ಉಳಿಯುವುದು ನನ್ನ ನಕ್ಷೆ ಮತ್ತು ಒಂದಿಷ್ಟು ಫೋಟೊ. ನಾಳೆ ಯಾರಾದರೂ ಅದನ್ನು ನೋಡಿ 'ಇಟ್ಟಿಗೆ ಮನೆ' ಎಂದು ಬರೆದರೆ ತಪ್ಪು ನನ್ನದೇ.

ಆಗಿದ್ದು ಇಷ್ಟು. ಕಟ್ಟಡವನ್ನು ಕತ್ತರಿಸಿದಂತೆ ತೋರಿಸುವ ನಕ್ಷೆಯಲ್ಲಿ, ಕತ್ತರಿಸಿದ ಗೋಡೆಯ ಭಾಗವನ್ನು ಗೆರೆಗಳಿಂದ ತುಂಬುತ್ತಾರೆ. ಇದಕ್ಕೆ ಹ್ಯಾಚ್ ಎನ್ನುತ್ತಾರೆ. ಯಾವ ಗೆರೆ ಎನ್ನುವುದರ ಮೇಲೆ ಅದು ಯಾವ ವಸ್ತು ಎಂದು ತಿಳಿಯಬೇಕು. ನಾನು ಪಟ್ಟಿಯಲ್ಲಿ ಮೊದಲಿಗೆ ಸಿಗುವ ಎಎನ್‌ಎಸ್‌ಐ31 ಎಂಬ 45 ಡಿಗ್ರಿಯ ಓರೆಗೆರೆಯನ್ನು ಎಲ್ಲ ಗೋಡೆಗಳಿಗೂ ತುಂಬಿದ್ದೆ.

ವಸ್ತುವನ್ನು ಗೆರೆಯಲ್ಲಿ ಹೇಳುವ ಈ ರೂಢಿ ಎಲ್ಲಿಂದ ಬಂತು ಎಂದು ಹುಡುಕುತ್ತಾ ಹೋದಾಗ ಎರಡು ಸಲ ಒಂದೇ ಕಾರಣ ಎದುರಾಯಿತು: ಬಣ್ಣದ ಕೊರತೆ. ಯುರೋಪಿನ ಮನೆತನಗಳ ಲಾಂಛನಗಳಲ್ಲಿ ಬಣ್ಣವೇ ಗುರುತು. ಆದರೆ ತಾಮ್ರದ ತಗಡಿನಿಂದ ಅಚ್ಚು ಹಾಕಿದ ಪುಸ್ತಕದಲ್ಲಿ ಕಪ್ಪು ಶಾಯಿ ಮಾತ್ರ. 1638ರಲ್ಲಿ ರೋಮಿನಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಜೆಸ್ಯೂಟ್ ಪಾದ್ರಿ ಸಿಲ್ವೆಸ್ಟರ್ ಪೆಟ್ರಾ ಸಾಂಕ್ಟಾ ಬಳಸಿದ ಪದ್ಧತಿ ಮುಂದೆ ನೆಲೆನಿಂತಿತು. ಅದರಲ್ಲಿ ಕೆಂಪಿಗೆ ನೇರ ನಿಂತ ಗೆರೆ, ನೀಲಿಗೆ ಅಡ್ಡಗೆರೆ, ಹಸಿರಿಗೆ ಓರೆಗೆರೆ, ಚಿನ್ನಕ್ಕೆ ಚುಕ್ಕಿ, ಬೆಳ್ಳಿಗೆ ಖಾಲಿ ಜಾಗ.

ಎರಡನೆಯ ಸಲ ಹೀಗಾದದ್ದು ಕಟ್ಟಡದ ನಕ್ಷೆಗಳಲ್ಲಿ. ಹತ್ತೊಂಬತ್ತನೆಯ ಶತಮಾನದಲ್ಲಿ ನಕ್ಷೆಗಾರರು ಶಾಯಿಯಲ್ಲಿ ಗೆರೆ ಎಳೆದು ಒಳಗೆ ನೀರುಬಣ್ಣ ತುಂಬುತ್ತಿದ್ದರು. ಇಟ್ಟಿಗೆಗೆ ಕೆಂಪು, ಮರಕ್ಕೆ ಕಂದು. 1842ರಲ್ಲಿ ಜಾನ್ ಹರ್ಷೆಲ್ ಕಂಡುಹಿಡಿದ ಸಯನೊಟೈಪ್ ವಿಧಾನ ಮುಂದೆ ಬ್ಲೂಪ್ರಿಂಟ್ ಆಗಿ ಕಚೇರಿಗಳಿಗೆ ಬಂತು. ನೀಲಿ ಹಾಳೆಯ ಮೇಲೆ ಬಿಳಿ ಗೆರೆಯಷ್ಟೇ ಮೂಡುತ್ತದೆ, ತುಂಬಿದ ಬಣ್ಣ ಮೂಡುವುದಿಲ್ಲ. ಬಣ್ಣದ ಕೆಲಸ ಮತ್ತೆ ಗೆರೆಯ ಪಾಲಿಗೆ ಬಂತು.

ಆ ಗೆರೆಗಳಿಗೆ ದೇಶದೇಶಗಳ ಮಾನಕ ಸಂಸ್ಥೆಗಳು ಅರ್ಥ ನಿಗದಿ ಮಾಡಿದವು. 1982ರಲ್ಲಿ ಹೊರಬಂದ ಆಟೊಕ್ಯಾಡ್ ಅಮೆರಿಕದ್ದು, ಎಎನ್‌ಎಸ್‌ಐ ಎಂಬುದು ಅಲ್ಲಿನ ಮಾನಕ ಸಂಸ್ಥೆಯ ಹೆಸರು. ಅದರ ಜೊತೆ ಬರುವ ವಿನ್ಯಾಸಗಳ ಕಡತವನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ಓದಿದೆ. ಎಎನ್‌ಎಸ್‌ಐ31ರ ವಿವರಣೆ: ಕಬ್ಬಿಣ, ಇಟ್ಟಿಗೆ, ಕಲ್ಲಿನ ಕಟ್ಟಡ. ಮೂರಕ್ಕೂ ಒಂದೇ ಗೆರೆ! ಎಂಟು ಇಂಚು, ಹದಿನಾರು ಇಂಚಿನ ಬ್ಲಾಕು, ಸೀಳಿದ ಮರದ ಹಲಗೆಯ ಸೂರು, ಕಲಾವಿದ ಎಷರ್ ಹೆಸರಿನ ಒಂದು ವಿನ್ಯಾಸ ಕೂಡ ಅಲ್ಲಿವೆ. ಮುರಕಲ್ಲು ಇಲ್ಲ.

ಆದರೆ ಮುರಕಲ್ಲು ಜಗತ್ತಿಗೆ ಅಪರಿಚಿತವೇನಲ್ಲ. ಮೈಸೂರು, ಕೆನರಾ, ಮಲಬಾರುಗಳಲ್ಲಿ ಸುತ್ತಿದ ಫ್ರಾನ್ಸಿಸ್ ಬುಕಾನನ್ ತನ್ನ 1807ರ ಪ್ರವಾಸಗ್ರಂಥದಲ್ಲಿ ಇದಕ್ಕೆ 'ಲ್ಯಾಟರೈಟ್' ಎಂದು ಹೆಸರಿಟ್ಟ. ಲ್ಯಾಟಿನ್ನಿನಲ್ಲಿ 'ಲೇಟರ್' ಎಂದರೆ ಇಟ್ಟಿಗೆ. ಇಲ್ಲಿನ ಜನ ಇದನ್ನು ಇಟ್ಟಿಗೆ ಕಲ್ಲು ಎನ್ನುವುದನ್ನು ಅವನೇ ದಾಖಲಿಸಿದ್ದಾನೆ. ನೆಲದಲ್ಲಿರುವಾಗ ಮೆತ್ತಗಿದ್ದು, ಕಡಿದು ಗಾಳಿಗಿಟ್ಟರೆ ಗಟ್ಟಿಯಾಗುವ, ಮೈತುಂಬಾ ತೂತಿರುವ ಕಲ್ಲು. ಜಂಬಿಟ್ಟಿಗೆ, ಚಿರೆಕಲ್ಲು, ಮುರಕಲ್ಲು ಎಂದು ನಮ್ಮಲ್ಲೇ ಮೂರು ಹೆಸರಿವೆ. ಹೆಸರಿದ್ದೂ ಗೆರೆ ಇರಲಿಲ್ಲ.

ಗೆರೆಯನ್ನು ನಾವೇ ಮಾಡಬಹುದು. ಪ್ಯಾಟ್ ಎಂಬ ವಿಸ್ತರಣೆಯ ಒಂದು ಪಠ್ಯ ಕಡತ ಸಾಕು. ಮೊದಲ ಸಾಲಿನಲ್ಲಿ ನಕ್ಷತ್ರ ಚಿಹ್ನೆ, ಹೆಸರು, ವಿವರಣೆ. ಕೆಳಗೆ ಅಂಕಿಗಳು. ನಾನು ಬರೆದ ಸಾಲು ಇದು:

45, 0,0, 45,50, 60,-15,0,-15

ಗೆರೆ 45 ಡಿಗ್ರಿ ಓರೆಯಾಗಿರಲಿ, ಸೊನ್ನೆ-ಸೊನ್ನೆಯಿಂದ ಹೊರಡಲಿ. ಮುಂದಿನ ಗೆರೆ ಅದೇ ದಿಕ್ಕಿನಲ್ಲಿ 45 ಮಿಲಿಮೀಟರ್ ಜರುಗಿ, 50 ಮಿಲಿಮೀಟರ್ ದೂರದಲ್ಲಿ ಬರಲಿ. 60 ಎಳೆ, 15 ಬಿಡು, ಒಂದು ಚುಕ್ಕಿ ಇಡು, ಮತ್ತೆ 15 ಬಿಡು. ಧನ ಸಂಖ್ಯೆ ಎಂದರೆ ಗೆರೆ, ಋಣ ಎಂದರೆ ಖಾಲಿ, ಸೊನ್ನೆ ಎಂದರೆ ಚುಕ್ಕಿ. ಓರೆಗೆರೆಯನ್ನು ಉಳಿಸಿಕೊಂಡದ್ದು ಇದೂ ಕಲ್ಲಿನ ಗೋಡೆಯೇ ಎಂದು ತಿಳಿಯಲಿ ಅಂತ. ಚುಕ್ಕಿ, ಕಲ್ಲಿನ ತೂತು.

ಕಡತದ ಹೆಸರು ಮತ್ತು ವಿನ್ಯಾಸದ ಹೆಸರು ಒಂದೇ ಆಗಿರಬೇಕು, ಕೊನೆಯ ಸಾಲಿನ ನಂತರ ಎಂಟರ್ ಒತ್ತಿರಬೇಕು. ಈ ಎರಡನೆಯದು ಗೊತ್ತಿಲ್ಲದೆ ನನ್ನ ಒಂದು ಸಂಜೆ ಹೋಯಿತು.

ಹೊಸ ನಕ್ಷೆಯ ಮೂಲೆಯಲ್ಲಿ ಚಿಕ್ಕ ಚೌಕ ಹಾಕಿ, ಪಕ್ಕದಲ್ಲಿ ಕನ್ನಡದಲ್ಲಿ 'ಮುರಕಲ್ಲು' ಎಂದು ಬರೆದು, ಪ್ರಿಂಟು ತೆಗೆದುಕೊಂಡು ಆ ಮನೆಗೆ ಹೋದೆ. ಮನೆಯ ಹಿರಿಯಮ್ಮ ಹಾಳೆಯನ್ನು ಜಗಲಿಯ ಬೆಳಕಿಗೆ ಹಿಡಿದು, ಚೌಕವನ್ನೂ ಗೋಡೆಗಳನ್ನೂ ಎರಡೆರಡು ಸಲ ನೋಡಿದರು.

"ಇದೆಂತ ಮಗಾ, ಅಡುಗೆಕೋಣೆಯ ಒಳಗೋಡೆಗೂ ಮುರಕಲ್ಲು ಹಾಕಿದ್ದೀಯಲ್ಲ? ಅದು ಮಣ್ಣಿನದ್ದು. ನಾನು ಮದುವೆಯಾಗಿ ಬರುವಾಗಲೇ ಹಾಗೆ ಇತ್ತು."

"ಸುಣ್ಣ ಬಳಿದಿತ್ತಲ್ಲಮ್ಮ, ಗೊತ್ತಾಗಲಿಲ್ಲ" ಎಂದೆ.

"ನೋಡು ಬೇಕಾದರೆ" ಎಂದು ಬಾಗಿಲ ಸಂದಿಯಲ್ಲಿ ಸುಣ್ಣ ಎದ್ದ ಜಾಗ ತೋರಿಸಿದರು. ಒಳಗೆ ಕೆಂಪು ಮಣ್ಣು, ಅದರಲ್ಲಿ ಬೈಹುಲ್ಲಿನ ಎಳೆ.

ಹಳೆಯ ನಕ್ಷೆಯನ್ನೂ ಅವರಿಗೆ ತೋರಿಸಿದ್ದೆ. ಚೆನ್ನಾಗಿದೆ ಎಂದು ಮಡಚಿ ಕೊಟ್ಟಿದ್ದರು. ಅದರಲ್ಲಿ ತಪ್ಪು ಹಿಡಿಯಲು ಅವರಿಗೆ ಏನೂ ಸಿಕ್ಕಿರಲಿಲ್ಲ, ಯಾಕೆಂದರೆ ಅದು ಏನನ್ನೂ ಖಚಿತವಾಗಿ ಹೇಳಿರಲಿಲ್ಲ. ನನ್ನ ಗೆರೆಯೂ ಪೂರ್ತಿ ನಿಜವಲ್ಲ. ಅದು ಲೆಕ್ಕದ ಪ್ರಕಾರ ಮರುಕಳಿಸುತ್ತದೆ, ಒಂದು ಮುರಕಲ್ಲಿನ ತೂತು ಇನ್ನೊಂದರಂತೆ ಇರುವುದಿಲ್ಲ. ಆದರೂ ಅದು ಒಂದು ಮಾತು ಆಡಿತು, ಬಲ್ಲವರು ಅಲ್ಲ ಎಂದರು.

ಮಣ್ಣಿಗೆ ಕಡತದಲ್ಲಿ ಒಂದು ವಿನ್ಯಾಸ ಮೊದಲೇ ಇದೆ. ಅದು ಗೋಡೆಗಲ್ಲ, ಅಡಿಪಾಯದ ಕೆಳಗಿನ ನೆಲಕ್ಕೆ. ಹಾಗಾಗಿ ಇನ್ನೊಂದನ್ನು ಬರೆದೆ, ಚುಕ್ಕಿಗಳ ನಡುವೆ ಹುಲ್ಲಿನಂಥ ಗಿಡ್ಡ ಗೆರೆ. ಮನೆ ಆ ಬೇಸಿಗೆಯಲ್ಲೇ ಹೋಯಿತು. ನಕ್ಷೆಯ ಮೂಲೆಯಲ್ಲಿ ಈಗ ಎರಡು ಚೌಕಗಳಿವೆ.