ಲಿಪಿಕಾರನ ಕಡೆಯ ಪದ



ಚಳ್ಳಕೆರೆಯಿಂದ ಮೊಳಕಾಲ್ಮೂರಿನ ಕಡೆಗೆ ಪಯಣಿಸುವವರ ಕಣ್ಣಿಗೆ ಬೀಳುವುದು ಶೇಂಗಾ ಹೊಲಗಳು, ಕುರಿಯ ಹಿಂಡುಗಳು, ಒಂದರ ಮೇಲೊಂದನ್ನು ಪೇರಿಸಿಟ್ಟಂಥ ಬಂಡೆಗಳ ಬೆಟ್ಟಗಳು. ಈ ಬಯಲುಸೀಮೆಗೂ ಗ್ರೀಕರ ಶಿಲ್ಪಕಲೆಗೂ ಏನು ನಂಟು ಎಂದು ತಾವು ಕೇಳಬಹುದು. ಆ ನಂಟಿನ ಒಂದೆಳೆ ಇಲ್ಲಿಯ ಕಲ್ಲಿನ ಮೇಲೆಯೇ ಉಳಿದಿದೆ.

1892ರಲ್ಲಿ ಬಿ. ಎಲ್. ರೈಸ್ ಅವರು ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳನ್ನು ಬೆಳಕಿಗೆ ತಂದರು. ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ ಬಂದ ಈ ಆದೇಶ ಹೇಳುವುದು ಸರಳವಾದ ಮಾತು: ತಾಯಿತಂದೆಯರ ಸೇವೆ ಮಾಡಬೇಕು, ಪ್ರಾಣಿಗಳಲ್ಲಿ ದಯೆಯಿರಬೇಕು, ಸತ್ಯವನ್ನೇ ನುಡಿಯಬೇಕು. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಕೊನೆಯಲ್ಲಿ ಬರೆದವನ ಹೆಸರಿದೆ: ಚಪಡ. ಅಲ್ಲಿಯವರೆಗೆ ಎಡದಿಂದ ಬಲಕ್ಕೆ ಸಾಗಿದ ಕೈ, ‘ಲಿಪಿಕರೇಣ’ ಎಂಬ ಕಡೆಯ ಪದಕ್ಕೆ ಬಂದಾಗ ಖರೋಷ್ಠಿ ಲಿಪಿಗೆ ಹೊರಳಿ, ಬಲದಿಂದ ಎಡಕ್ಕೆ ಬರೆದಿದೆ.

ತರಗತಿಯಲ್ಲಿ ಈ ಶಾಸನವನ್ನು ಪಾಠ ಹೇಳುವಾಗ ನಾನು ಆ ಪದವನ್ನು ಒಂದು ವಿನೋದವೆಂಬಂತೆ ಹೇಳಿ ಮುಂದೆ ಸಾಗುತ್ತಿದ್ದೆ. ಅದು ನನ್ನ ತಪ್ಪು. ಖರೋಷ್ಠಿಯು ಗಾಂಧಾರದ ಲಿಪಿ, ಎಂದರೆ ಇಂದಿನ ಪೇಶಾವರ, ತಕ್ಷಶಿಲೆಗಳ ಸೀಮೆಯದು. ಅಲ್ಲಿಯ ಶಾಬಾಜ್‌ಗಢಿ, ಮಾನ್ಸೆಹ್ರಾಗಳಲ್ಲಿ ಅಶೋಕನ ಶಾಸನಗಳು ಇದೇ ಲಿಪಿಯಲ್ಲಿವೆ. ಇನ್ನೂ ಪಶ್ಚಿಮಕ್ಕೆ, ಕಂದಹಾರದಲ್ಲಿ 1958ರಲ್ಲಿ ದೊರೆತ ಶಾಸನ ಗ್ರೀಕ್ ಮತ್ತು ಅರಮಾಯಿಕ್ ಭಾಷೆಗಳಲ್ಲಿದೆ. ನಮ್ಮ ‘ಧರ್ಮ’ ಅಲ್ಲಿ ‘ಯೂಸೆಬಿಯಾ’ ಆಗಿದೆ. ಚಪಡನು ಆ ಸೀಮೆಯಿಂದ ಬಂದವನೋ, ಆ ವಿದ್ಯೆಯನ್ನು ಕಲಿತವನೋ, ಅಂತೂ ಅದರ ಗುರುತನ್ನು ನಮ್ಮ ಬಂಡೆಯ ಮೇಲೆ ಬಿಟ್ಟುಹೋದನು.

ಹೀಗೆ ಎರಡು ಲಿಪಿ, ಎರಡು ನುಡಿಗಳು ನೆರೆಹೊರೆಯಾಗಿ ಬಾಳಿದ ನೆಲದಲ್ಲಿಯೇ, ಸುಮಾರು ಮೂರು ಶತಮಾನಗಳ ತರುವಾಯ, ಕುಷಾಣರ ಕಾಲದಲ್ಲಿ ಗಾಂಧಾರ ಶಿಲ್ಪ ಅರಳಿತು. ಬೂದುಬಣ್ಣದ ಪದರಗಲ್ಲಿನಲ್ಲಿ ಕಡೆದ ಆ ಬುದ್ಧನ ಕೇಶ ಅಲೆಯಲೆಯಾಗಿದೆ. ಮುಖ ಅಪೊಲೊ ದೇವತೆಯನ್ನು ನೆನಪಿಸುತ್ತದೆ. ಸಂಘಾಟಿಯ ನೆರಿಗೆಗಳು ಯವನರ ಉಡುಪಿನಂತೆ ಇಳಿದಿವೆ. ಬುದ್ಧನ ಬೆಂಗಾವಲಿನ ವಜ್ರಪಾಣಿ ಕೆಲವೆಡೆ ಹೆರಾಕ್ಲಿಸನ ರೂಪದಲ್ಲಿದ್ದಾನೆ. ಆದರೆ ಅರೆಮುಚ್ಚಿದ ಕಣ್ಣು, ಹುಬ್ಬುಗಳ ನಡುವಣ ಊರ್ಣೆ, ನೆತ್ತಿಯ ಉಷ್ಣೀಷ, ಅಭಯಮುದ್ರೆ ಇವೆಲ್ಲ ಭಾರತದವು.

ಬುದ್ಧಮೂರ್ತಿ ಗ್ರೀಕರ ಕೊಡುಗೆಯೆಂದು ಫ್ರೆಂಚ್ ವಿದ್ವಾಂಸ ಫೂಶೆ ವಾದಿಸಿದರು. 1927ರಲ್ಲಿ ಆನಂದ ಕುಮಾರಸ್ವಾಮಿಯವರು ಅದನ್ನು ಅಲ್ಲಗಳೆದು, ಮಥುರೆಯ ಶಿಲ್ಪಿಗಳು ನಮ್ಮ ಯಕ್ಷಮೂರ್ತಿಗಳ ಪರಂಪರೆಯಿಂದಲೇ ಬುದ್ಧನನ್ನು ಕಡೆದರೆಂದು ತೋರಿಸಿದರು. ಕೊಟ್ಟವರಾರು, ಕೊಂಡವರಾರು ಎಂಬ ಲೆಕ್ಕಾಚಾರದಲ್ಲಿ ಸ್ವಾಭಿಮಾನ ಬೆರೆತಷ್ಟೂ ಕಲ್ಲು ಕಣ್ಮರೆಯಾಗುತ್ತದೆ. ಮೊಳಕಾಲ್ಮೂರಿನ ರೇಷ್ಮೆ ನೇಕಾರರನ್ನು ಹಾಸು ಹೆಚ್ಚೋ ಹೊಕ್ಕು ಹೆಚ್ಚೋ ಎಂದು ಕೇಳಿದರೆ ಏನೆಂದಾರು? ಎರಡೂ ಕೂಡಿದರಲ್ಲವೇ ಸೀರೆ!

2001ರಲ್ಲಿ ಬಾಮಿಯಾನದ ಬೃಹತ್ ಬುದ್ಧಮೂರ್ತಿಗಳನ್ನು ಸಿಡಿಸಿ ಕೆಡವಿದಾಗ ನಾವೆಲ್ಲ ಮರುಗಿದೆವು. ಅದು ದೂರದ ನಾಡಿನ ನಷ್ಟವೆಂದು ಆಗ ನಾನು ಭಾವಿಸಿದ್ದೆ. ಈಗ ಹಾಗೆನ್ನಿಸುವುದಿಲ್ಲ. ಅನ್ಯವಾದುದನ್ನು ಅಳಿಸಹೊರಟವರು ತಮ್ಮ ನೆಲದ ಹಿರಿಯರ ಕೈಗೆಲಸವನ್ನೇ ಅಳಿಸಿದರು. ಆ ಹಿರಿಯರ ನೆರೆಯ ಸೀಮೆಯ ಲಿಪಿಯೇ ನಮ್ಮ ಬ್ರಹ್ಮಗಿರಿಯಲ್ಲಿಯೂ ಇದೆ. ತಾವು ಅಲ್ಲಿಗೆ ಹೋದಾಗ ಅಶೋಕನ ಆದೇಶವನ್ನು ಕಂಡು ಹಿಂದಿರುಗದೆ, ಚಪಡನ ಕಡೆಯ ಪದದೆದುರು ಒಂದು ಗಳಿಗೆ ನಿಲ್ಲಿರಿ. ಅದನ್ನು ಬಲದಿಂದ ಎಡಕ್ಕೆ ಓದಬೇಕು.