ಕಲ್ಲುಸಂದಿಯ ನವಿಲುಜುಟ್ಟು

ಹಡಗಲಿ ಮಲ್ಲಿಗೆ ಬೇಡವೆನ್ನುವ ಹೆಂಗಸರನ್ನು ನಾನು ಕಂಡಿಲ್ಲ. ಆದರೆ ಮಯೂರಶಿಖೆಯನ್ನು ಬಲ್ಲಿರಾ ಎಂದು ಕೇಳಿ ನೋಡಿ, ಹೆಚ್ಚಿನವರು ಮುಖ ಮುಖ ನೋಡಿಕೊಳ್ಳುತ್ತಾರೆ. ಒಣಸೀಮೆಯ ಬಂಡೆಸಂದಿಯಲ್ಲಿ ಬೆಳೆಯುವ ಪುಟ್ಟ ಜರಿಗಿಡ ಅದು. ಎಲೆ ಬೀಸಣಿಗೆಯಂತೆ ಬಿಚ್ಚಿಕೊಂಡಾಗ ಥೇಟ್ ನವಿಲಿನ ಜುಟ್ಟು. ಬೇಸಿಗೆಯಲ್ಲಿ ಮುದುಡಿ ಸತ್ತಂತೆ ಬಿದ್ದಿರುತ್ತದೆ; ಮಳೆ ಬಿದ್ದರೆ ಮತ್ತೆ ಹಸಿರು! ಜರಿ ಎಂದರೆ ಮಲೆನಾಡಿನ ತಂಪು ಎನ್ನುವವರಿಗೆ ಇದು ಸೋಜಿಗ. ಅರೇಬಿಯ, ಆಫ್ರಿಕಗಳ ಒಣನೆಲದಲ್ಲೂ ಇದರ ಬಳಗವಿದೆ.

ಲಿನೇಯಸನ ಶಿಷ್ಯ ಕೋನಿಗ್ 1768ರಲ್ಲಿ ತರಂಗಂಬಾಡಿಗೆ ಬಂದವನು. ಈ ಜರಿಯ ಶಾಸ್ತ್ರೀಯ ಹೆಸರಿನ ಬಾಲದಲ್ಲಿ ಅವನ ಹೆಸರೂ ಸೇರಿದೆ. 1841ರಲ್ಲಿ ಲಿಂಕ್ ಎಂಬ ಜರ್ಮನ್ ಪಂಡಿತ ಇದರ ಕುಲಕ್ಕೆ ಆಕ್ಟಿನಿಯಾಪ್ಟೆರಿಸ್ ಎಂದು ಹೆಸರಿಟ್ಟ. ಕಿರಣದ ಜರಿ ಎಂದರ್ಥ. ನಮ್ಮವರಿಗೆ ನವಿಲು ಕಂಡಲ್ಲಿ ಅವನಿಗೆ ಸೂರ್ಯ ಕಂಡ.

ಗಿಡವನ್ನು ಕಾಗದದ ನಡುವೆ ಒತ್ತಿ ಒಣಗಿಸಿ, ದಪ್ಪ ಹಾಳೆಗೆ ಅಂಟಿಸಿ, ಮೂಲೆಯಲ್ಲಿ ಚೀಟಿ ಹಚ್ಚಿ ಜೋಪಾನ ಮಾಡುವ ಜಾಗಕ್ಕೆ ಹರ್ಬೇರಿಯಂ ಎನ್ನುತ್ತಾರೆ. ಯಾವ ಗಿಡ, ಎಲ್ಲಿ, ಯಾವತ್ತು, ಕಿತ್ತವರು ಯಾರು ಎಂಬುದೆಲ್ಲ ಆ ಚೀಟಿಯಲ್ಲಿ. ನನ್ನ ಕಣ್ಣು ಮಾತ್ರ 'ಎಲ್ಲಿ' ಎಂಬಲ್ಲೇ ನಿಲ್ಲುತ್ತದೆ. ಹರಪನಹಳ್ಳಿಯನ್ನೇ ತಗೊಳ್ಳಿ. 1953ಕ್ಕೆ ಮೊದಲು ಮದ್ರಾಸಿನ ಬಳ್ಳಾರಿ ಜಿಲ್ಲೆ, ಆಮೇಲೆ ಮೈಸೂರಿನ ಬಳ್ಳಾರಿ, 1997ರಲ್ಲಿ ದಾವಣಗೆರೆ, 2018ರಲ್ಲಿ ಮರಳಿ ಬಳ್ಳಾರಿ, 2021ರಿಂದ ವಿಜಯನಗರ. ಮದುವೆಯಾದ ಹೆಣ್ಣಿಗೂ ಇಷ್ಟು ಸಲ ಮನೆತನದ ಹೆಸರು ಬದಲಾಗುವುದಿಲ್ಲ! ಕೂಡ್ಲಿಗಿಯಲ್ಲಿದ್ದ ಕೊಟ್ಟೂರು ಈಗ ತಾನೇ ಒಂದು ತಾಲ್ಲೂಕು. ಬರೀ 'ಬಳ್ಳಾರಿ' ಎಂದು ಬರೆದ ಹಳೆಯ ಚೀಟಿ ಹಿಡಿದು ಹೊರಟವರು ಕೂಡ್ಲಿಗಿಯಲ್ಲಿ ಹುಡುಕಬೇಕೋ, ಹಗರಿಬೊಮ್ಮನಹಳ್ಳಿಯಲ್ಲೋ? ಉಚ್ಚಂಗಿದುರ್ಗದ ಬಂಡೆ, ಗುಡೇಕೋಟೆಯ ಗುಡ್ಡ ಎಂದು ಬರೆದಿದ್ದರೆ ಜಿಲ್ಲೆ ಯಾವುದಾದರೇನು, ದಾರಿ ತಪ್ಪುವುದಿಲ್ಲ.

ಚೀಟಿಯಲ್ಲಿ ಊರವರು ಕರೆಯುವ ಹೆಸರು, ಅವರು ಮಾಡುವ ಬಳಕೆಯನ್ನೂ ಬರೆಯಬಹುದು. ಬಸಿರು ನಿಲ್ಲಲೆಂದು ಈ ಗಿಡವನ್ನು ಮದ್ದಾಗಿ ಕೊಟ್ಟದ್ದುಂಟು. ಗುಣವೆಷ್ಟು ಎಂಬುದು ವೈದ್ಯರ ಮಾತು, ಅದು ನನಗೆ ಬೇಡ. ಆದರೆ ಕಿತ್ತವನ ಹೆಸರಿಗೆ ಜಾಗವಿದ್ದ ಮೇಲೆ, ಗಿಡ ಇಂಥಲ್ಲಿದೆ ಎಂದು ಬೆರಳು ತೋರಿದ ಮುದುಕಿಯ ಹೆಸರಿಗೂ ಒಂದು ಸಾಲು ಬೇಡವೇ?

ಬಂಡೆಯನ್ನೇ ಸೀಳಿ ಲಾರಿಗೆ ಹೇರಿದರೆ ಅಲ್ಲಿ ಮತ್ತೆ ಚಿಗುರಲು ಬೇರೂ ಉಳಿಯುವುದಿಲ್ಲ. ಹಾಳೆಗೆ ಅಂಟಿದ ಗಿಡಕ್ಕೆ ಎಷ್ಟು ನೀರು ಹನಿಸಿದರೂ ಅದು ಹಸಿರಾಗದು. ಇಲ್ಲಿತ್ತು ಎನ್ನುವುದಕ್ಕೆ ಆಗ ಉಳಿಯುವುದು ಆ ಚೀಟಿ, ಅದೂ ಊರಿನ ಹೆಸರನ್ನು ಸರಿಯಾಗಿ ಬರೆದಿದ್ದರೆ.