ಚಿಕ್ಕ ಮಕ್ಕಳ ಔಷಧ ವಿಷಬಾಧೆ: ಚಿಕಿತ್ಸೆಯ ಇತಿಹಾಸ

ದೊಡ್ಡವರ ಮಾತ್ರೆ ನುಂಗಿದ ಮಗುವಿನ ಚಿಕಿತ್ಸೆ ಕಳೆದ ಮುಕ್ಕಾಲು ಶತಮಾನದಲ್ಲಿ ಸುಧಾರಿಸಿದ್ದು ಹೊಸ ಮದ್ದುಗಳಿಗಿಂತ ಹೆಚ್ಚಾಗಿ ಹಳೆಯ ಅವಸರಗಳನ್ನು ಬಿಟ್ಟದ್ದರಿಂದ. ಒಳಗೆ ಹೋದದ್ದನ್ನು ಹೇಗಾದರೂ ಹೊರಗೆಳೆಯಬೇಕು ಎಂಬ ಹಟ ವೈದ್ಯರಿಗೂ ಇತ್ತು, ಮನೆಯವರಿಗೂ ಇತ್ತು. ಕೋಪನ್‌ಹೇಗನ್‌ನಲ್ಲಿ ಕಾರ್ಲ್ ಕ್ಲೆಮ್ಮೆಸನ್ 1940ರ ದಶಕದ ಕೊನೆಗೆ ನಿದ್ದೆಮಾತ್ರೆ ನುಂಗಿದವರಿಗೆ ಉತ್ತೇಜಕ ಚುಚ್ಚುವುದನ್ನು ನಿಲ್ಲಿಸಿ, ಉಸಿರು ಮತ್ತು ರಕ್ತದೊತ್ತಡ ಕಾಯುವುದಕ್ಕೇ ಗಮನ ಕೊಟ್ಟರು. ಸಾವು ಕ್ರಮೇಣ ನೂರಕ್ಕೆ ಒಂದೆರಡಕ್ಕೆ ಇಳಿಯಿತು. ಅವರ ರೋಗಿಗಳು ಹೆಚ್ಚಾಗಿ ದೊಡ್ಡವರು, ಮಕ್ಕಳಿಗೆ ಆ ಲೆಕ್ಕ ಹೊಂದುವುದೇ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಮಕ್ಕಳಿಗೆಂದೇ ಅಮೆರಿಕದಲ್ಲಿ ದಶಕಗಳ ಕಾಲ ಮನೆಮನೆಯಲ್ಲಿ ಇಡಿಸಿದ್ದ ವಾಂತಿಯ ಔಷಧ ಇಪಿಕಾಕ್ ಸಿರಪ್ಪಿನ ಗತಿಯೂ ಆ ಉತ್ತೇಜಕಗಳದ್ದೇ ಆಯಿತು. ಅದರಿಂದ ಮಾತ್ರೆಯ ಒಂದಿಷ್ಟು ಪಾಲು ಹೊರಬಂದರೂ ಮಗು ಹೆಚ್ಚು ಬೇಗ ಚೇತರಿಸಿಕೊಂಡಿತೆನ್ನಲು ಪುರಾವೆ ಸಿಗಲಿಲ್ಲ. 2003ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಮನೆಯಲ್ಲಿ ಅದನ್ನು ಬಳಸಬೇಡಿ ಎಂದಿತು. ನಮ್ಮ ಕಡೆಯ ಉಪ್ಪುನೀರು ಇದಕ್ಕಿಂತ ಕೆಟ್ಟದ್ದು: ರಕ್ತದಲ್ಲಿ ಸೋಡಿಯಂ ಏರಿಸಿ ಮಿದುಳಿಗೇ ಕುತ್ತು ತರಬಲ್ಲದು. ಮಂಪರಿನಲ್ಲಿರುವ ಮಗುವಿನ ವಾಂತಿ ಶ್ವಾಸಕೋಶಕ್ಕೆ ಇಳಿಯುವ ಭಯ ಬೇರೆ.

ಇದೆಲ್ಲ ದೊಡ್ಡ ಆಸ್ಪತ್ರೆಯ ಮಾತು, ಕನಕಪುರ–ಮಳವಳ್ಳಿ ಹೆದ್ದಾರಿಯ ಹಲಗೂರಿನಂಥ ಹೋಬಳಿಯಲ್ಲಿ ಪ್ರತ್ಯೌಷಧ ಎಲ್ಲಿಂದ ತರುವುದು ಎಂದು ಕೇಳಬಹುದು. ಬಹುಪಾಲು ಮಾತ್ರೆಗಳಿಗೆ ಪ್ರತ್ಯೌಷಧವೇ ಇಲ್ಲ. ಇರುವುದರಲ್ಲಿ ಕೆಲವು ಹತ್ತಿರವೇ ಇವೆ. ಅಜ್ಜಿಯ ಸಕ್ಕರೆ ಕಾಯಿಲೆಯ ಗ್ಲಿಬೆನ್‌ಕ್ಲಮೈಡ್ ಒಂದೇ ಒಂದು ನುಂಗಿದರೂ ಕೂಸಿನ ರಕ್ತದ ಸಕ್ಕರೆ ಕುಸಿದು ಫಿಟ್ಸ್ ಬರಬಹುದು. ಅದಕ್ಕೆ ಮೊದಲ ಮದ್ದು ಗ್ಲೂಕೋಸ್ ಡ್ರಿಪ್, ಅದಿಲ್ಲದ ಸರ್ಕಾರಿ ಆಸ್ಪತ್ರೆ ಅಪರೂಪ. ಕುಸಿತ ತಡವಾಗಿಯೂ ಬರುವುದರಿಂದ ಒಂದು ದಿನವಾದರೂ ಕಾದು ನೋಡಲೇಬೇಕು.

ಹೋಬಳಿಯ ಮಟ್ಟದಲ್ಲಿ ನಿಭಾಯಿಸಲಾಗದ್ದು ಕಬ್ಬಿಣದ ಮಾತ್ರೆ. ರಕ್ತಹೀನತೆ ತಡೆಯುವ ರಾಷ್ಟ್ರೀಯ ಕಾರ್ಯಕ್ರಮ 1970ರಲ್ಲಿ ಶುರುವಾದಂದಿನಿಂದ ಬಸುರಿ, ಬಾಣಂತಿ ಇರುವ ಮನೆಗಳಿಗೆ ಅದು ಬರುತ್ತಿದೆ. 60 ಮಿಲಿಗ್ರಾಂ ಕಬ್ಬಿಣದ ಹತ್ತು ಮಾತ್ರೆಯೆಂದರೆ 10 ಕಿಲೋ ತೂಕದ ಮಗುವಿಗೆ ಕಿಲೋಗೆ 60 ಮಿಲಿಗ್ರಾಂ, ಅಂದರೆ ಜೀವಕ್ಕೇ ಅಪಾಯದ ಮಟ್ಟ. ಬೇರೆ ಎಷ್ಟೋ ವಿಷ ಹಿಡಿದಿಡುವ ಇದ್ದಿಲ ಪುಡಿ ಕಬ್ಬಿಣವನ್ನು ಹಿಡಿಯದು. 1960ರ ದಶಕದಲ್ಲಿ ಬಳಕೆಗೆ ಬಂದ ಡೆಸ್‌ಫೆರಿಯಾಕ್ಸಮೈನ್ ಅದನ್ನು ಹಿಡಿದು ಮೂತ್ರದಲ್ಲಿ ಹೊರಹಾಕುತ್ತದೆ, ಆದರೆ ಅದಕ್ಕೆ ಮಂಡ್ಯವನ್ನೋ ಮೈಸೂರಿನ ಚೆಲುವಾಂಬ ಆಸ್ಪತ್ರೆಯನ್ನೋ ನೆಚ್ಚಬೇಕು. ಇಲ್ಲಿ ಮೋಸಹೋಗುವುದು ಸುಲಭ. ಮೊದಲ ಕೆಲವು ಗಂಟೆಗಳ ವಾಂತಿಭೇದಿ ನಿಂತು ಮಗು ಗೆಲುವಾದಂತೆ ಕಾಣುತ್ತದೆ. ರಕ್ತದೊತ್ತಡ ಕುಸಿಯುವುದು, ಯಕೃತ್ತು ಕೆಡುವುದು ಆಮೇಲೆ. ಹಾಗಾಗಿ ಮುಂದಿನ ಆಸ್ಪತ್ರೆಗೆ ಕಳಿಸುವ ತೀರ್ಮಾನಕ್ಕೆ ಮಗುವಿನ ಮುಖ ನೋಡಿದರೆ ಸಾಲದು, ಶೀಟಿನಲ್ಲಿ ಖಾಲಿಯಾದ ಮಾತ್ರೆಗಳನ್ನು ಎಣಿಸಿ, ಒಟ್ಟು ಕಬ್ಬಿಣವನ್ನು ಮಗುವಿನ ತೂಕದಿಂದ ಭಾಗಿಸಬೇಕು.